ಬಿರಿದ ಗಲ್ಲಾಕಲ್ಲು

ಉಡುಪಿ ಕಡೆಯಿಂದ ಬಂದ ಅಜ್ಜ ಮಾಟುಂಗದಲ್ಲಿ ಹೋಟೆಲು ತೆರೆದಾಗ ಮುಂಬಯಿ ಇನ್ನೂ ಮರಾಠಿ-ಗುಜರಾತಿ ದ್ವಿಭಾಷಾ ರಾಜ್ಯದ ರಾಜಧಾನಿಯಾಗಿತ್ತು. ಹರತಾಳಗಳ ನಡುವೆಯೇ ಇಡ್ಲಿ ಬೇಯಿಸಿದ ಅವರು, 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿದಾಗ ಗಿರಾಕಿಗಳಿಗೆಲ್ಲ ಶಿರಾ ಹಂಚಿದರಂತೆ. ಆದರೆ ಅದೇ ದಶಕದ ಕೊನೆಯಲ್ಲಿ, ದಕ್ಷಿಣದವರು ನೌಕರಿ ಕಸಿಯುತ್ತಾರೆಂಬ ಕೂಗೆದ್ದಾಗ, ಒಂದು ಸಂಜೆ ತೂರಿಬಂದ ಕಲ್ಲಿಗೆ ಗಲ್ಲಾದ ಅಮೃತಶಿಲೆ ಮೂಲೆಯಿಂದ ಮೂಲೆಗೆ ಬಿರಿಯಿತು. ಅಜ್ಜ ಅದನ್ನು ಬದಲಿಸಲಿಲ್ಲ. ಬದಲಿಸಿದ್ದು ಫಲಕವನ್ನು, ಕನ್ನಡದ ಮೇಲೆ ದೇವನಾಗರಿಯ ದಪ್ಪ ಅಕ್ಷರಗಳನ್ನು ಬರೆಸಿ. ಅದನ್ನು ಶರಣಾಗತಿ ಎಂದವರ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ಹದಿನೆಂಟು ಹುಡುಗರ ಊಟವೂ ಕನ್ನಡ ರಾತ್ರಿಶಾಲೆಯ ಫೀಸೂ ಆ ಗಲ್ಲಾದಿಂದಲೇ ನಡೆಯುತ್ತಿದ್ದವು. 1992–93ರ ಗಲಭೆಯಲ್ಲಿ ಅಪ್ಪ ಅರ್ಧ ಬಾಗಿಲು ತೆರೆದೇ ಇಟ್ಟರು. ಈಗ ಅಲ್ಲಿ ಕೂರುವ ತಂಗಿ ಚಿಲ್ಲರೆ ಎಣಿಸುವಾಗ ನಾಣ್ಯಗಳು ಅದೇ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತವೆ.