ಆಕಾಶದಲ್ಲೊಂದು ಅರೆತಲೆನೋವು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ. ಸುಮಾರು 16 ಗಂಟೆ. ಮಗಳ ಮನೆಗೆ ಹೊರಟ ನನಗೆ ಉಪ್ಪಿನಕಾಯಿ ಸೋರೀತೇನೋ ಅನ್ನುವುದಕ್ಕಿಂತ ತಲೆಯ ಚಿಂತೆಯೇ ಜಾಸ್ತಿ.

ಐದನೇ ಗಂಟೆಗೆ ಕಣ್ಣಂಚಿನಲ್ಲಿ ಅಂಕುಡೊಂಕು ಗೆರೆ ಮಿನುಗಿತು. ಅದು ಬಂತೆಂದರೆ ಅರ್ಧ ಗಂಟೆಯಲ್ಲಿ ಎಡಗಣ್ಣಿನ ಹಿಂದೆ ಸುತ್ತಿಗೆ ಏಟು. "ನೋವು ಶುರುವಾದ ತಕ್ಷಣ ಮಾತ್ರೆ ನುಂಗಿ, ತಡೆಯೋಣ ಅಂತ ಕಾಯಬೇಡಿ" ಎಂದು ಡಾಕ್ಟರು ಎಷ್ಟು ಸಲ ಬೈದಿದ್ದಾರೋ. ಈ ಸಲ ಕಾಯಲಿಲ್ಲ. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲೇ ಇದ್ದವು. ಹೋದ ಸಲ ದೊಡ್ಡ ಸೂಟ್‌ಕೇಸಿಗೆ ಹಾಕಿ ಪಟ್ಟ ಪಾಡು ನೆನಪಿತ್ತು.

ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಂತೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6,330 ಅಡಿ ಅಲ್ವಾ! ಅದರ ತುದಿಯಲ್ಲಿ ಇಡೀ ದಿನ ಕೂತ ಹಾಗೆ. ಆದರೆ ಮಂಜಿಲ್ಲ, ಬರೀ ಒಣ. ನಾನು ನೀರು ಕೇಳಿ ಕೇಳಿ ಗಗನಸಖಿಗೇ ಸುಸ್ತಾಯಿತು.

ಜ್ವರ ಬಂದರೆ ಯಾರಾದರೂ ಹಣೆ ಮುಟ್ಟಿ ನೋಡುತ್ತಾರೆ. ಈ ನೋವಿಗೆ ಮುಟ್ಟಿ ನೋಡಲು ಏನೂ ಇಲ್ಲ. ಸುಮ್ನೆ ಮುಖ ಗಂಟಿಕ್ಕಿಕೊಂಡು ಕೂತಿರುವ ಹೆಂಗಸು, ಅಷ್ಟೆ. ಆದರೂ ಪಕ್ಕದ ಹುಡುಗನಿಗೆ ಏನು ಹೊಳೆಯಿತೋ, ಕಿಟಕಿ ಮುಚ್ಚಿದ. ತನ್ನ ಟಿವಿಯನ್ನೂ ಆರಿಸಿಬಿಟ್ಟ, ಅರ್ಧ ಸಿನಿಮಾದಲ್ಲಿ.

ಇಳಿಯುವ ಮುಂಚೆ ಅವನಿಗೆ ಚಕ್ಕುಲಿ ಪೊಟ್ಟಣ ಕೊಟ್ಟೆ. ಅಲ್ಲೇ ಬಿಚ್ಚಿ ಕಟಕಟ ತಿನ್ನತೊಡಗಿದ. ಆ ಸದ್ದಿಗೂ ತಲೆ ಏನೂ ಅನ್ನಲಿಲ್ಲ.