ಸಂಗಾತಿಗೆ ಪಿಂಚಣಿ ತಾನಾಗಿಯೇ ಬರುತ್ತದೆಯೇ?

"ನಿಮ್ಮವರು ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿದ್ದಾರೆ, ಮುಪ್ಪಿನ ಕಾಲಕ್ಕೆ ನಿಮಗೇನು ಚಿಂತೆ?" ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸಂಗಾತಿಯೊಡನೆ ಹೊರಡಲು ಸಿದ್ಧರಾದವರೂ ಇರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪಿಂಚಣಿ ಬರಬಹುದು. ಆದರೆ ಅದು ಬರುವುದು ನಿಮ್ಮ ದುಡಿಮೆಯ ಹಕ್ಕಾಗಿ ಅಲ್ಲ, ಮದುವೆಯ ಮೂಲಕ. ಮದುವೆ ಉಳಿದಷ್ಟು ದಿನ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ವಿಶ್ವಸಂಸ್ಥೆಯನ್ನೇ ತೆಗೆದುಕೊಳ್ಳಿ. ಅದರ ಜಂಟಿ ಸಿಬ್ಬಂದಿ ಪಿಂಚಣಿ ನಿಧಿ 1949ರಿಂದ ಇದೆ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಶೇ 7.9ರಷ್ಟನ್ನು ನೌಕರರು ಕಟ್ಟಿದರೆ ಸಂಸ್ಥೆ ಶೇ 15.8ರಷ್ಟನ್ನು ಸೇರಿಸುತ್ತದೆ. ಇದರಿಂದ ಹುಟ್ಟುವ ಪಿಂಚಣಿಯ ಹಕ್ಕು ನೌಕರರದು. ಅವರು ತೀರಿಕೊಂಡರೆ ಸಂಗಾತಿಗೆ ಸಾಮಾನ್ಯವಾಗಿ ಪಿಂಚಣಿಯ ಅರ್ಧ ಸಿಗುತ್ತದೆ. ಐರೋಪ್ಯ ಒಕ್ಕೂಟದ ಅಧಿಕಾರಿಗಳ ನಿಯಮದಲ್ಲಿ ಇದು ಶೇ 60. ಇಲ್ಲಿಯವರೆಗೆ ಎಲ್ಲವೂ ಸರಿಯೇ.

ವಿಚ್ಛೇದನವಾದರೆ? ಮಾಜಿ ಸಂಗಾತಿಗೂ ಪಾಲು ಕೊಡುವ ನಿಯಮ ವಿಶ್ವಸಂಸ್ಥೆಯ ನಿಧಿಯಲ್ಲಿದೆ. ಅದಕ್ಕೆ ವಂತಿಗೆ ಕಟ್ಟುತ್ತಿದ್ದ ಅವಧಿಯಲ್ಲಿ ಮದುವೆ ಕನಿಷ್ಠ ಹತ್ತು ವರ್ಷ ಎಡೆಬಿಡದೆ ನಡೆದಿರಬೇಕು. ಒಂಬತ್ತೂವರೆ ವರ್ಷ ಊರೂರು ಅಲೆದು, ಮಕ್ಕಳ ಶಾಲೆ ಬದಲಿಸಿ, ಮನೆ ಕಟ್ಟಿ ಮನೆ ಬಿಚ್ಚಿ ಬದುಕಿದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಹತ್ತು ತುಂಬಿದ್ದರೂ ಈ ಪಾಲು ಕೈಗೆ ಬರುವುದು ನೌಕರರು ತೀರಿಕೊಂಡ ಮೇಲೆ. ಅವರು ಬದುಕಿರುವಾಗಲೇ ಜೀವನಾಂಶ ಬೇಕಿದ್ದರೆ ನ್ಯಾಯಾಲಯದ ಆದೇಶ ತಂದು, ಪಾವತಿಯಾಗುತ್ತಿರುವ ಪಿಂಚಣಿಯ ಒಂದು ಭಾಗವನ್ನು ತಮಗೆ ಕಳುಹಿಸುವಂತೆ ನಿಧಿಯನ್ನು ಕೋರಬಹುದು. ಒಪ್ಪುವುದು ನಿಧಿಯ ವಿವೇಚನೆಗೆ ಬಿಟ್ಟದ್ದು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹಾಗಾದರೆ ನೆಲೆಸಿರುವ ದೇಶವಾದರೂ ಕೈಹಿಡಿಯಬೇಡವೇ? ಆತಿಥೇಯ ದೇಶದೊಡನೆ ಆದ ಒಪ್ಪಂದದಂತೆ ನೌಕರರು ಅಲ್ಲಿನ ಸಾಮಾಜಿಕ ಭದ್ರತೆಯ ಹೊರಗಿರುತ್ತಾರೆ. ದುಡಿಯದ ಸಂಗಾತಿಯೂ ಸಾಮಾನ್ಯವಾಗಿ ಅವರ ಜೊತೆಗೇ ಹೊರಗುಳಿಯುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಸರ್ಕಾರಿ ವೃದ್ಧಾಪ್ಯ ಪಿಂಚಣಿ ವಿಮೆಯ ಪ್ರತಿ ವರ್ಷಕ್ಕೆ ಶೇ 2ರಂತೆ ಬೆಳೆದು 50 ವರ್ಷಕ್ಕೆ ಪೂರ್ತಿಯಾಗುತ್ತದೆ. ಹೇಗ್‌ನಲ್ಲಿ ಹನ್ನೆರಡು ವರ್ಷ ಈ ವಿಮೆಯ ಹೊರಗೆ ಕಳೆದವರಿಗೆ ಶೇ 24ರಷ್ಟು ಖಾಲಿ. ಜಿನೀವಾದಲ್ಲಿ ಸಂಗಾತಿಗೆ 'ಸಿಐ' ಪರವಾನಗಿಯ ಮೇಲೆ ಸ್ಥಳೀಯ ಕೆಲಸಕ್ಕೆ ಸೇರುವ ಅವಕಾಶವಿದೆ. ಸೇರಿದರೆ ಸ್ವಿಸ್ ವೃದ್ಧಾಪ್ಯ ವಿಮೆಯಲ್ಲಿ ಅವರದೇ ಖಾತೆ ಶುರುವಾಗುತ್ತದೆ, ವಂತಿಗೆಯಲ್ಲಿ ಅರ್ಧ ಮಾಲೀಕರದು. ಅರೆಕಾಲಿಕ ಕೆಲಸ ಸಿಕ್ಕರೂ ಬಿಡಬೇಡಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಒಳ್ಳೆಯ ಬದಲಾವಣೆಯೂ ಆಗಿದೆ. ಮೊದಲು ವಿಶ್ವಸಂಸ್ಥೆ ನೌಕರರ ಮದುವೆಯನ್ನು ಅವರ ಸ್ವದೇಶದ ಕಾನೂನಿನಂತೆ ಅಳೆಯುತ್ತಿತ್ತು. 2014ರಿಂದ ಮದುವೆ ನಡೆದ ಸ್ಥಳದ ಕಾನೂನು ಒಪ್ಪಿದರೆ ಸಾಕು. ಸ್ವದೇಶ ಒಪ್ಪದ ಸಲಿಂಗ ದಂಪತಿಗಳಿಗೆ ಇದರಿಂದ ಸಂಗಾತಿಯ ಸೌಲಭ್ಯಗಳು ದೊರೆತವು.

ಹೊರಡುವ ಮುನ್ನ ಹಳೆಯ ಕೆಲಸದ ವಂತಿಗೆಯ ದಾಖಲೆಯನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸ್ವಂತವಾಗಿ ವಂತಿಗೆ ಮುಂದುವರಿಸಲು ನಿಮ್ಮ ದೇಶ ಬಿಡುತ್ತದೆಯೇ, ಅರ್ಜಿಯ ಗಡುವು ಯಾವಾಗ ಎಂದು ಕೇಳಿ. ಆ ವಂತಿಗೆಯನ್ನು ಮನೆಯ ಖರ್ಚಿನಲ್ಲಿ ಬಾಡಿಗೆಯಷ್ಟೇ ಕಡ್ಡಾಯವೆಂದು ಸಂಗಾತಿಯೊಡನೆ ಕೂತು ಮಾತನಾಡಿ. ನಮ್ಮ ಮನೆಯಲ್ಲಿ ಆ ಮಾತು ನಡೆದದ್ದು ಏಳು ವರ್ಷ ತಡವಾಗಿ. ಆ ಏಳು ವರ್ಷಗಳ ಜಾಗ ನನ್ನ ದಾಖಲೆಯಲ್ಲಿ ಇಂದಿಗೂ ಖಾಲಿಯಿದೆ.