"ಆ ಕಾಲ ಚೆಂದ ಇತ್ತಲ್ರೀ?"

ನನ್ನ ಹತ್ತಿರ 1972ರ ಒಂದು ಫಿಯಟ್ ಕಾರಿದೆ. ಬೆಳಗಾವಿಯ ಯಾವುದೇ ರಸ್ತೆಯಲ್ಲಿ ಅದನ್ನು ನಿಲ್ಲಿಸಿದ ಐದು ನಿಮಿಷದೊಳಗೆ ಯಾರಾದರೊಬ್ಬರು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, ಎಲ್ಲೋ ದೂರಕ್ಕೆ ನೋಡುತ್ತ, "ಆ ಕಾಲ ಚೆಂದ ಇತ್ತಲ್ರೀ?" ಎಂದು ಕೇಳುತ್ತಾರೆ. ಪೆಟ್ರೋಲ್ ಪಂಪಿನಲ್ಲಿ ಕೇಳಿದ್ದಾರೆ, ಮದುವೆಯ ಮಂಟಪದ ಎದುರು ಕೇಳಿದ್ದಾರೆ, ಒಮ್ಮೆ ನೆಂಟರೊಬ್ಬರ ಮಣ್ಣಿಗೆ ಹೋದಾಗ ಸ್ಮಶಾನದ ಗೇಟಿನಲ್ಲೂ ಕೇಳಿದ್ದಾರೆ. ಇಷ್ಟು ವರ್ಷ "ಹೂಂನ್ರೀ" ಎಂದು ತಲೆಯಾಡಿಸಿದೆ. ಇನ್ನು ಬಾಯಿಯಿಂದ ಉತ್ತರಿಸುವ ತಾಳ್ಮೆ ಉಳಿದಿಲ್ಲವಾದ್ದರಿಂದ ಒಮ್ಮೆ ಬರೆದಿಟ್ಟುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಉತ್ತರ: ಇರಲಿಲ್ಲ.

ನನ್ನ ಮೊದಲ ತಕರಾರು ಆ "ಅಲ್ರೀ"ಯ ಮೇಲೆ. ನಾನು ಸಕ್ಕರೆ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನು. ಎಲ್ಲವನ್ನೂ ಮೊದಲೇ ತುಂಬಿ, ಸಹಿಯ ಜಾಗವನ್ನಷ್ಟೇ ಖಾಲಿ ಬಿಟ್ಟು ಮುಂದೆ ತಳ್ಳುವ ವೋಚರನ್ನು ದೂರದಿಂದಲೇ ಗುರುತಿಸಬಲ್ಲೆ. ಈ ಪ್ರಶ್ನೆಯೂ ಅಂಥದೇ. ಕೇಳುವವರಿಗೆ ಬೇಕಾದದ್ದು ಉತ್ತರವಲ್ಲ, ಸಹಿ. ಹಳೆಯ ಕಾರು ಇಟ್ಟುಕೊಂಡವನ ಸಹಿಯಾದರೆ ಅದಕ್ಕೆ ಇನ್ನಷ್ಟು ಬೆಲೆ ಎಂದು ಅವರ ಎಣಿಕೆ.

ನಮ್ಮ ಊರಿನಲ್ಲಿ ಹಳೆಯ ಗಾಡಿಗಳನ್ನು ಉಳಿಸಿಕೊಂಡವರು ಹನ್ನೊಂದು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಇವರೇನೂ ಕೇಳುವವರಿಗಿಂತ ಭಿನ್ನರಲ್ಲ. ಚಹಾ ಬರುವಷ್ಟರಲ್ಲಿ ಮಾತು "ಆಗಿನ ಕಾಲದಾಗ" ಎಂದು ಶುರುವಾಗಿರುತ್ತದೆ. ನಾನು ಒಮ್ಮೆ ಸುಮ್ಮನೆ ಲೆಕ್ಕ ಹಾಕಿದೆ. ತಮ್ಮ ಗಾಡಿ ಹೊಸದಾಗಿದ್ದಾಗ ಹುಟ್ಟಿದ್ದವರು ನಮ್ಮಲ್ಲಿ ನಾಲ್ವರು. ಆ ನಾಲ್ವರಲ್ಲಿ ಆಗ ಮನೆಯಲ್ಲಿ ಕಾರು ಇದ್ದದ್ದು ಒಬ್ಬರಿಗೆ. ಉಳಿದ ಹತ್ತು ಜನ ನೆನೆದು ನಿಟ್ಟುಸಿರು ಬಿಡುತ್ತಿರುವುದು ಬೇರೆ ಯಾರದೋ ಬಾಲ್ಯವನ್ನು. ಈ ಲೆಕ್ಕವನ್ನು ಅವರಿಗೆ ಹೇಳಿದಾಗ ಯಾರೂ ನಗಲಿಲ್ಲ, ಮುಂದಿನ ತಿಂಗಳ ಸಭೆ ಎಲ್ಲಿ ಎಂಬುದನ್ನು ನನಗೆ ತಿಳಿಸಲು ಮರೆತರು.

ಕಳೆದ ಡಿಸೆಂಬರಿನ ಒಂದು ಭಾನುವಾರ ಕ್ಯಾಂಪ್ ಭಾಗದಲ್ಲಿ ನಮ್ಮ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ನನ್ನದೇ ವಯಸ್ಸಿನ, ಕಪ್ಪು ಕನ್ನಡಕದ ಗೃಹಸ್ಥರೊಬ್ಬರು ಬಂದು, ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು, ನಾನು ಕುಳಿತುಕೊಳ್ಳಿ ಎನ್ನುವ ಮೊದಲೇ ಸ್ಟೀರಿಂಗಿನ ಮುಂದೆ ಕುಳಿತರು. ಗೇರನ್ನು ಕಾಲಬುಡದಲ್ಲಿ ಹುಡುಕಿದರು. ಕೊನೆಗೆ ಅದು ಸ್ಟೀರಿಂಗಿನ ಪಕ್ಕದಲ್ಲೇ ಸಿಕ್ಕಾಗ ಕಳೆದ ಕೊಡೆ ಸಿಕ್ಕವರಂತೆ ಸಂತೋಷಪಟ್ಟರು.

"ನಿಮ್ಮ ತಂದಿಯವರು ಅಗದೀ ದೊಡ್ಡ ಕುಳ ಇದ್ದಿರಬೇಕು ನೋಡ್ರೀ," ಎಂದರು. "ಆ ಕಾಲದಾಗ ಕಾರು ಅಂದ್ರ ಸಣ್ಣ ಮಾತೇನು? ಏನು ಶಾಂತಿ, ಏನು ತೃಪ್ತಿ! ಗಡಿಬಿಡಿನ ಇರಲಿಲ್ಲ. ಚೆಂದ ಇತ್ತಲ್ರೀ?"

"ಆಗ ನಿಮ್ಮ ಮನ್ಯಾಗ ಯಾವ ಗಾಡಿ ಇತ್ರೀ?" ಎಂದು ಕೇಳಿದೆ.

"ನಮ್ಮನ್ಯಾಗ ಎಲ್ಲೀದ್ರೀ! ಒಂದು ಸೈಕಲ್ ಇತ್ತು. ಅದೂ ಕಾಕಾಂದು."

ಆಗ ನಾನು ಸಾಮಾನ್ಯವಾಗಿ ಹೇಳದೇ ಇರುವುದನ್ನು ಹೇಳಿದೆ. ನಮ್ಮಪ್ಪ ದೊಡ್ಡ ಕುಳನಲ್ಲ, ಈ ಕಾರಿನ ಡ್ರೈವರ್. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ಹತ್ತಿರ ಹದಿನಾಲ್ಕು ವರ್ಷ ಇದನ್ನು ನಡೆಸಿದ. ನೀವು ಈಗ ಕುಳಿತದ್ದು ಅವನ ಜಾಗ. ನೀವು ಹೇಳುವ ಶಾಂತಿ, ತೃಪ್ತಿ ಏನಿದ್ದರೂ ಹಿಂದಿನ ಸೀಟಿನಲ್ಲಿತ್ತು. ಅವರು ಒಂದು ಕ್ಷಣ ಸುಮ್ಮನಾದರು. ನಾಚಿಕೊಂಡರೇನೋ ಎಂದು ನನಗೂ ಸಂಕೋಚವಾಯಿತು. ಅಷ್ಟರಲ್ಲಿ ಇಳಿದು, ಹಿಂದಿನ ಬಾಗಿಲು ತೆರೆದು, ಕಾಲ ಮೇಲೆ ಕಾಲು ಹಾಕಿ ಕುಳಿತು, ಹೆಂಡತಿಗೆ, "ಹಂಗಾರ ಇಲ್ಲೊಂದು ತಗಿ," ಎಂದರು.

ಅಂದಿನಿಂದ ನನಗೆ ಈ ಪ್ರಶ್ನೆಯೆಂದರೆ ಮೈ ಉರಿಯುತ್ತದೆ. ಆದರೂ ಲೆಕ್ಕದವನಾದ್ದರಿಂದ ಲೆಕ್ಕ ಒಪ್ಪಿಸುತ್ತೇನೆ.

ಈ ಕಾರು ಹೊಸದಾಗಿದ್ದಾಗಲೂ ಹೊಸದಾಗಿರಲಿಲ್ಲ. ಫಿಯಟ್ ಕಂಪನಿಯ ಈ 1100 ಡಿ ಮಾದರಿ ಇಟಲಿಯಲ್ಲಿ 1962ರಲ್ಲಿ ಬಂದು 1966ರಲ್ಲಿ ನಿಂತುಹೋದದ್ದು. ಅದರ ಮೂಲ ರೂಪ ಇನ್ನೂ ಹಿಂದಿನದು, 1953ರದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಅದನ್ನು 1964ರಿಂದ ತಯಾರಿಸತೊಡಗಿದರು. ಹೆಸರು ಮಾತ್ರ ಡಿಲೈಟ್, ಪ್ರೆಸಿಡೆಂಟ್, ಪದ್ಮಿನಿ ಎಂದು ಬದಲಾಗುತ್ತ ಹೋಯಿತು. ನಮ್ಮ ಕಡೆಯ ಜನ ಎಲ್ಲವನ್ನೂ ಫಿಯಟ್ ಎಂದೇ ಕರೆದರು. ಅಂಬಾಸಡರ್, ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್, ಇಷ್ಟರಲ್ಲಿ ಆಯ್ಕೆ ಮುಗಿಯುತ್ತಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಬೆಲೆಯ ಮೇಲೆ ಸರ್ಕಾರದ ಹಿಡಿತವಿದ್ದುದರಿಂದ, ಕಾಯಲು ಒಲ್ಲದವರು ಇನ್ನೊಬ್ಬರ ಸರದಿಗೆ ಬಂದ ಗಾಡಿಯನ್ನು ಮೇಲಷ್ಟು ರೊಕ್ಕ ಕೊಟ್ಟು ಎತ್ತಿಕೊಳ್ಳುತ್ತಿದ್ದರು. ನಮ್ಮ ಸಾವಕಾರರು ತಂದದ್ದೂ ಹಾಗೆಯೇ. ಆಗಿನ ಜನ ಪ್ರಾಮಾಣಿಕರು ಎನ್ನುವವರು ಈ ಕಾರಿಗೆ ಒರಗಿ ಆ ಮಾತು ಹೇಳಬಾರದು.

ಗಾಡಿ ಬಂದ ವರ್ಷ ಬರಗಾಲ. ಸಾವಕಾರರ ಅಂಗಳದಲ್ಲಿ ಗಾಡಿಗೆ ತೆಂಗಿನಕಾಯಿ ಒಡೆದ ದಿನ ಅವ್ವ ಪಡಿತರದ ಪಾಳಿಯಲ್ಲಿ ನಿಂತಿದ್ದಳಂತೆ. ಅಲ್ಲಿ ಸಿಗುತ್ತಿದ್ದದ್ದು ಅಮೆರಿಕದಿಂದ ಬಂದ ಕೆಂಪು ಜೋಳ, ತಟ್ಟಿದರೆ ರೊಟ್ಟಿ ಅಂಚಿನಲ್ಲೇ ಹರಿಯುತ್ತಿತ್ತು ಎಂದು ಕೊನೆಯವರೆಗೂ ಬೈಯುತ್ತಿದ್ದಳು. ಮರುವರ್ಷ ಪೆಟ್ರೋಲಿನ ಬೆಲೆ ಎಷ್ಟು ಏರಿತೆಂದರೆ, 1973ರ ನವೆಂಬರಿನಲ್ಲಿ ವಾಜಪೇಯಿಯವರು ಪ್ರತಿಭಟನೆಗಾಗಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. ತೃಪ್ತಿಯ ಮಾತನ್ನಂತೂ ನಿಪ್ಪಾಣಿಯಲ್ಲಿ ಆಡಲೇಬೇಡಿ. ಯಾವ ತಂಬಾಕಿನ ದುಡ್ಡಿನಲ್ಲಿ ಈ ಕಾರು ಬಂದಿತ್ತೋ ಅದೇ ತಂಬಾಕು ಬೆಳೆದವರು 1981ರಲ್ಲಿ ನ್ಯಾಯವಾದ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ಗೋಲೀಬಾರ್ ಆಗಿ ರೈತರು ಸತ್ತರು. ಆಗ ನನಗೆ ಹನ್ನೊಂದು ವರ್ಷ. ಅಪ್ಪ ಕಾರನ್ನು ಗೋದಾಮಿನೊಳಗೆ ನಿಲ್ಲಿಸಿ, ಮೇಲೆ ಗೋಣಿತಟ್ಟು ಹೊದಿಸಿ, ಮನೆಗೆ ನಡೆದು ಬಂದದ್ದು ನೆನಪಿದೆ.

ಇನ್ನು "ಗಡಿಬಿಡಿನ ಇರಲಿಲ್ಲ" ಎಂಬ ಮಾತು. ಆಗಿನ ಪ್ರಯಾಣದ ಸಾವಧಾನವನ್ನು ನಮ್ಮ ಗುಂಪಿನವರು ಬಹಳ ಹೊಗಳುತ್ತಾರೆ. ಸಾವಕಾರರು ಕೋರ್ಟಿನ ಕೆಲಸಕ್ಕೆ ಆಗಾಗ ಬೆಳಗಾವಿಗೆ ಬರುತ್ತಿದ್ದರು. ಬೇಸಿಗೆಯಲ್ಲಿ ವಂಟಮುರಿ ಘಾಟಿನ ಏರಿನಲ್ಲಿ ಗಾಡಿ ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಟಾಕಿಯಿಂದ ಪೆಟ್ರೋಲನ್ನು ಎಳೆದುಕೊಡಲು ಬಾನೆಟ್ಟಿನ ಕೆಳಗೊಂದು ಪುಟ್ಟ ಪಂಪಿದೆ; ಎಂಜಿನ್ನಿನ ಕಾವಿಗೆ ಪೆಟ್ರೋಲು ಅದರೊಳಗೇ ಆವಿಯಾಗುತ್ತದೆ. ಪಂಪು ಆವಿಯನ್ನು ಎಳೆಯಲಾರದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಏನೂ ತಲುಪುವುದಿಲ್ಲ. ಅಪ್ಪ ಇಳಿದು ಬಾನೆಟ್ ಎತ್ತಿ, ಹಳೆಯ ಧೋತರದ ತುಂಡನ್ನು ತಂಬಿಗೆಯ ನೀರಿನಲ್ಲಿ ತೋಯಿಸಿ, ಪಂಪಿನ ತಲೆಗೆ ಜ್ವರದ ಕೂಸಿಗೆ ಹಾಕಿದಂತೆ ಪಟ್ಟಿ ಹಾಕಿ, ಪಕ್ಕದಲ್ಲಿರುವ ಪುಟ್ಟ ಹಿಡಿಕೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ನಿಲ್ಲುತ್ತಿದ್ದ. ಮೊದಲು ಹಿಡಿಕೆ ಸಡಿಲವಾಗಿ ಆಡುತ್ತದೆ. ಪೆಟ್ರೋಲು ತುಂಬುತ್ತ ಬಂದಂತೆ ಬೆರಳಿಗೆ ಸ್ವಲ್ಪ ಬಿಗಿ ತಾಕುತ್ತದೆ. ಆ ಬಿಗಿ ಸಿಗುವವರೆಗೆ ಇಪ್ಪತ್ತು ನಿಮಿಷವೂ ಆದೀತು. ಸಾವಕಾರರು ಒಳಗೆ ಕುಳಿತೇ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸೂಟಿಯ ದಿನ ಜೊತೆಗೆ ಹೋದ ನಾನು ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಕಾಯುತ್ತಿದ್ದೆ. ಇಂದು ಜನ ಸಾವಧಾನ ಎಂದು ಕರೆಯುವುದನ್ನು ಅಪ್ಪ "ಹವಾ ಹಿಡದೈತಿ" ಎನ್ನುತ್ತಿದ್ದ.

ಹಾಗಾದರೆ ಈ ಡಬ್ಬಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತೇನೆ. ಕೇಳುವುದಿಲ್ಲ. ಕಾರು ಹೊಸದಾಗಿದ್ದ ನಾಲ್ಕು ದಿನದ ಬಗ್ಗೆ ಎಲ್ಲರಿಗೂ ಆಸಕ್ತಿ. ಅದು ಬರೀ ಹಳೆಯದಾಗಿದ್ದ, ಇನ್ನೂ ಅಪರೂಪದ್ದಾಗಿರದ ಮೂವತ್ತು ವರ್ಷಗಳನ್ನು ಅದು ಹೇಗೆ ದಾಟಿತು ಎಂಬುದು ಯಾರಿಗೂ ಬೇಡ. ನನ್ನ ಕಾಲ ಅದು. 1986ರಲ್ಲಿ ಸಾವಕಾರರು ಮಾರುತಿ ತಂದರು. ಫಿಯಟ್ಟನ್ನು ಕೇಳುವವರಿರಲಿಲ್ಲ. ಅಪ್ಪ ಆರು ತಿಂಗಳ ಪಗಾರ ಬಿಟ್ಟುಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ನಮ್ಮನ್ನೆಲ್ಲ ಅದರಲ್ಲೇ ತುಂಬಿಕೊಂಡು ಬೆಳಗಾವಿಗೆ ಬಂದ. ಮದುವೆಗೆ, ಹೆರಿಗೆಗೆ, ಸವದತ್ತಿಯ ಜಾತ್ರೆಗೆ ಬಾಡಿಗೆಗೆ ಓಡಿಸಿದ. ಖಾಸಗಿ ಗಾಡಿಯನ್ನು ಹಾಗೆ ಓಡಿಸುವುದು ಕಾನೂನಿಗೆ ಒಪ್ಪುವ ಮಾತಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನ್ನ ಕಾಲೇಜಿನ ಫೀಗೆ ಗೊತ್ತಿರಲಿಲ್ಲ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಬಂದರೆ ನನಗೂ ಒಳಗೆ ಏನೋ ಆಗುತ್ತದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆದರೆ ಆಗ ಕಣ್ಣ ಮುಂದೆ ಬರುವುದು 1972 ಅಲ್ಲ. ಬಣ್ಣ ಹೋದ, ಒಂದು ಬಾಗಿಲಿಗೆ ಚಿಲಕ ಹಾಕಿಸಿದ್ದ ಆ ಗಾಡಿಯಲ್ಲಿ ಹಳ್ಳಿಯ ಬಸುರಿ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಕರೆತರುತ್ತ ಅಪ್ಪ ಒಂದೂ ಮಾತಾಡದೆ ನಡೆಸುತ್ತಿದ್ದ ರಾತ್ರಿ.

ಆಮೇಲೆ ಹನ್ನೆರಡು ವರ್ಷ ಅದು ತಾಡಪತ್ರಿಯ ಕೆಳಗಿತ್ತು. ಗುಜರಿಯವನು ಮೂರು ಸಲ ಬಂದ. ಗಾಡಿಯ ತೂಕ ಒಂಬತ್ತು ಕ್ವಿಂಟಲಿಗೆ ತುಸು ಕಡಿಮೆ. ಅವನು ಕಬ್ಬಿಣದ ದರದಲ್ಲಿ ಗುಣಿಸಿ, ಟಯರಿನ ತೂಕ ಕಳೆದು, ಒಂದು ಅಂಕಿ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ, ಆದ್ದರಿಂದಲೇ ಇನ್ನಷ್ಟು ಸಿಟ್ಟು ಬಂತು.

ಈಗ ಅದು ಐವತ್ತು ದಾಟಿರುವುದರಿಂದ ಎಲ್ಲರೂ ವಿಂಟೇಜ್ ನೋಂದಣಿ ಮಾಡಿಸಿ ಎನ್ನುತ್ತಾರೆ. 2021ರ ನಿಯಮದ ಪ್ರಕಾರ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ನಂಬರಿನ ನಡುವೆ ವಿಎ ಎಂಬ ಅಕ್ಷರ ಬರುತ್ತದೆ, ಹತ್ತು ವರ್ಷ ನಿಶ್ಚಿಂತೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು, ಹೆಚ್ಚೆಂದರೆ ಇಷ್ಟಕ್ಕೆ. ಅಂದರೆ ಶನಿವಾರದ ಸಂತೆಗೆ ಹೋಗುವಂತಿಲ್ಲ, ನೆನಪಿನ ಸಂತೆಗೆ ಹೋಗಬಹುದು. ನಾನು ಒಪ್ಪಲಿಲ್ಲ. ಮಾಮೂಲಿ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸುತ್ತೇನೆ. 2022ರಲ್ಲಿ ಅದರ ಶುಲ್ಕ ಆರು ನೂರರಿಂದ ಐದು ಸಾವಿರಕ್ಕೆ ಏರಿದಾಗ ಮನೆಯಲ್ಲಿ ಎರಡು ದಿನ ಮಾತುಕತೆ ಇರಲಿಲ್ಲ.

ಈಗಿನ ಕಾಲ ಒಳ್ಳೆಯದೆಂದೂ ನಾನು ಸಹಿ ಹಾಕಲಾರೆ. ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರಷ್ಟು ಎಥನಾಲ್ ಬೆರೆಸುತ್ತಾರಲ್ಲ, ಅದು ಹಳೆಯ ರಬ್ಬರಿಗೆ ವಿಷ. ಪೈಪು ಮೆತ್ತಗಾಗಿ, ಉಬ್ಬಿ, ಕೊನೆಗೆ ಬಿರಿಯುತ್ತದೆ. ಪಂಪಿನ ಪರದೆಯೂ ಹಾಗೇ. ಎರಡು ವರ್ಷದಲ್ಲಿ ಮೂರು ಸಲ ಬದಲಿಸಿದ್ದೇನೆ. ಆ ಎಥನಾಲ್ ಹುಟ್ಟುವುದು ನಮ್ಮ ಜಿಲ್ಲೆಯ ಕಬ್ಬಿನಲ್ಲೇ. ನಮ್ಮ ಕಾರ್ಖಾನೆಯಿಂದ ಎಷ್ಟು ಟ್ಯಾಂಕರ್ ಹೊರಟವು ಎಂಬುದನ್ನು ನಾನೇ ಪುಸ್ತಕದಲ್ಲಿ ಬರೆದು ಸಂಬಳ ತೆಗೆದುಕೊಂಡು ಬಂದು, ಅದೇ ಸಂಬಳದಲ್ಲಿ ಪೈಪು ಕೊಳ್ಳುತ್ತೇನೆ.

ಈ ಕಾರಿನ ಬಗ್ಗೆ ಸರಿಯಾದ ಪ್ರಶ್ನೆ ಕೇಳುವವರು ನನಗೆ ತಿಳಿದಂತೆ ಒಬ್ಬರೇ: ಉದ್ಯಮಬಾಗದಲ್ಲಿ ಒಂದು ಲೇಥ್ ಇಟ್ಟುಕೊಂಡಿರುವ ಎಪ್ಪತ್ತು ದಾಟಿದ ಮಿಸ್ತ್ರಿ. ಅಂಗಡಿಯಲ್ಲಿ ಸಿಗದ ಭಾಗಗಳನ್ನು ಅವರೇ ಕಡೆದು ಕೊಡುತ್ತಾರೆ. ಅವರು ಬಾನೆಟ್ಟಿನ ಮೇಲೆ ಕೈಯಿಡುವುದಿಲ್ಲ, ದೂರಕ್ಕೆ ನೋಡುವುದಿಲ್ಲ. ಮುಂದಿನ ಗಾಲಿಯನ್ನು ಜ್ಯಾಕಿನ ಮೇಲೆ ಎತ್ತಿಸಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸುತ್ತ, "ಈ ಸಲ ಎಲ್ಲಿ ಸವದೈತ್ರಿ ಸರ?" ಎಂದು ಕೇಳುತ್ತಾರೆ.

ಎಡಗಡೆಯ ಕಿಂಗ್‌ಪಿನ್, ಅಂದರೆ ಮುಂದಿನ ಗಾಲಿ ಎಡಬಲಕ್ಕೆ ಹೊರಳುವ ಕೀಲು; ಅದರ ಕೆಳಗಿನ ಬುಷ್, ಅಂದರೆ ಸವೆಯುವ ಬಳೆ. ಗನ್‌ಮೆಟಲ್ ತುಂಡು ನಾನೇ ತಂದು ಕೊಟ್ಟಿದ್ದೇನೆ. ಗುರುವಾರ ಬಾ ಎಂದಿದ್ದಾರೆ.